ಐದನೇ ಸೆಮಿಸ್ಟರಿನ ಸಿಇಓ

ರಾಜ್ಯದ ಯಾವ ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಟೀನಿಗೆ ಹೋದರೂ ಈತನನ್ನು ಗುರುತು ಹಿಡಿಯಬಹುದು. ಕೊರಳಲ್ಲಿ ಕಾಲೇಜಿನ ಉದ್ಯಮಶೀಲತಾ ಕೂಟವಾದ ಇ-ಸೆಲ್‌ನ ಟ್ಯಾಗು, ಎದೆಯ ಮೇಲೆ ತನ್ನದೇ ಕಂಪನಿಯ ಲೋಗೋ ಹೊತ್ತ ಕಪ್ಪು ಟೀ-ಶರ್ಟು, ಲಿಂಕ್ಡ್‌ಇನ್‌ನಲ್ಲಿ ‘ಫೌಂಡರ್ ಅಂಡ್ ಸಿಇಓ’, ಮೂರನೇ ಸೆಮಿಸ್ಟರಿನ ಮ್ಯಾಥ್ಸಿನಲ್ಲಿ ಒಂದು ಬ್ಯಾಕು, ಕ್ಯಾಂಟೀನಿನ ಬಾಕಿ ಪುಸ್ತಕದಲ್ಲಿ ಅರ್ಧ ಪುಟ. ರೂಮ್‌ಮೇಟು ಸಿಟಿಓ, ಪಕ್ಕದ ರೂಮಿನವನು ಸಿಎಂಓ. ಕಂಪನಿಯಲ್ಲಿರುವ ಮೂವರೂ ಮುಖ್ಯಸ್ಥರೇ. ಕೆಲಸ ಹೇಳಿಸಿಕೊಳ್ಳುವವರು ಇನ್ನೂ ಸಿಕ್ಕಿಲ್ಲ. ಲೋಗೋದ ಹಸಿರು ಎಲೆ ಎಡಕ್ಕೆ ಬಾಗಬೇಕೋ ಬಲಕ್ಕೋ ಎಂಬುದರ ಮೇಲೆ ಎರಡು ತಿಂಗಳು ಚರ್ಚೆ ನಡೆದಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಕಥೆ ಹಳೆಯದು. ಇವನು ಆ ಕುಲಾವಿಯ ಮೇಲೆ ಲೋಗೋ ಅಚ್ಚು ಹಾಕಿಸಿ, ತಾನೇ ತೊಟ್ಟು ಫೋಟೋ ಹಾಕಿದ್ದಾನೆ. ಇವನ ಆಪ್ ಇರುವುದು ರೈತರಿಗಾಗಿ. ರೈತರನ್ನು ಕಂಡು ಮಾತಾಡಿದ್ದೀಯಾ ಎಂದರೆ, ಸರ್ವೆ ಮಾಡಿದ್ದಾನೆ: ಗೂಗಲ್ ಫಾರ್ಮು, ವಾಟ್ಸಾಪ್ ಗ್ರೂಪು, ನಲವತ್ತು ಉತ್ತರ. ನಲವತ್ತೂ ಹಾಸ್ಟೆಲಿನವರವೇ.

ಇವನನ್ನು ನೋಡಿ ನಗುವವರು ಇವನನ್ನು ತಯಾರಿಸಿದ ಕಾರ್ಖಾನೆಯತ್ತಲೂ ಒಮ್ಮೆ ತಿರುಗಿ ನೋಡಬೇಕು. 2015ರಲ್ಲಿ ರಾಜ್ಯ ಸರಕಾರ ಸ್ಟಾರ್ಟಪ್ ನೀತಿ ತಂದು, ಬೆಂಗಳೂರಿನಾಚೆಯ ಕಾಲೇಜುಗಳ ಇನ್‌ಕ್ಯುಬೇಷನ್ ಕೇಂದ್ರಗಳಿಗೂ ನೆರವು ಕೊಟ್ಟಿತು. ಕೇಂದ್ರ ಸರಕಾರದ 2019ರ ನೀತಿ ಇನ್ನೂ ಧಾರಾಳ: ಸ್ಟಾರ್ಟಪ್ ನಡೆಸುವ ವಿದ್ಯಾರ್ಥಿ ಹಾಜರಿ ಕಡಿಮೆಯಿದ್ದರೂ ಅನುಮತಿ ಪಡೆದು ಪರೀಕ್ಷೆಗೆ ಕೂರಬಹುದು, ಕಾಲೇಜಿನ ವಿಳಾಸದಲ್ಲೇ ಕಂಪನಿ ನೋಂದಾಯಿಸಬಹುದು. ಕ್ಲಾಸು ತಪ್ಪಿಸುವುದಕ್ಕೆ ಇಷ್ಟು ಘನವಾದ ಕಾರಣ ಹಿಂದಿನ ಯಾವ ತಲೆಮಾರಿಗೂ ಸಿಕ್ಕಿರಲಿಲ್ಲ. ಉದ್ದೇಶ ಒಳ್ಳೆಯದೇ, ತೊಡಕಿರುವುದು ಎಣಿಕೆಯಲ್ಲಿ. ಹ್ಯಾಕಥಾನ್ ಎಷ್ಟು, ಎಂಓಯು ಎಷ್ಟು, ಉಪನ್ಯಾಸ ಎಷ್ಟು ಎಂದು ವರದಿಯಲ್ಲಿ ತುಂಬಬಹುದು. ಹುಡುಗನಿಗೆ ವ್ಯಾಪಾರ ತಿಳಿಯಿತೇ ಎಂದು ತುಂಬುವುದು ಯಾವ ಕಾಲಮ್ಮಿನಲ್ಲಿ? ಹಾಗಾಗಿ ಪಿಚಿಂಗ್ ದಿನ ಆಡಿಟೋರಿಯಂ ತುಂಬ ಚಪ್ಪಾಳೆ. ‘ಭಾರತದಲ್ಲಿ 140 ಕೋಟಿ ಜನ, ನೂರಕ್ಕೆ ಒಬ್ಬರು ಬಂದರೂ 1.4 ಕೋಟಿ ಗ್ರಾಹಕರು.’ ಗುಣಾಕಾರದಲ್ಲಿ ತಪ್ಪಿಲ್ಲ. ತೀರ್ಪುಗಾರರಲ್ಲೊಬ್ಬರು ‘ಇಲ್ಲೀವರೆಗೆ ಎಷ್ಟು ಜನ ದುಡ್ಡು ಕೊಟ್ಟಿದ್ದಾರಪ್ಪಾ?’ ಎನ್ನುತ್ತಾರೆ. ‘ರೆಸ್ಪಾನ್ಸ್ ತುಂಬಾ ಚೆನ್ನಾಗಿದೆ ಸರ್’ ಎಂದು ಇವನು ಉತ್ತರಿಸುತ್ತಾನೆ. ಎರಡನೇ ಬಹುಮಾನ ಇವನದೇ.

ಉದ್ಯಮಶೀಲತೆಯನ್ನು ಕಾಲೇಜು ಕಲಿಸಬಲ್ಲದು ಎಂದಾದರೆ ಆ ಪಾಠ ಶುರುವಾಗುವುದು ಇವನು ತನ್ನ ಸಿಇಓ ಪಟ್ಟ ಇಳಿಸಿಟ್ಟು, ಇನ್ನೊಬ್ಬರ ಸ್ಟಾರ್ಟಪ್‌ನಲ್ಲಿ ಎಲ್ಲರಿಗಿಂತ ಕಿರಿಯನಾಗಿ ಕೂತ ದಿನ. ವಿಟಿಯು ತನ್ನ 2022ರ ಸ್ಕೀಮಿನಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್‌ಗೆ 10 ಕ್ರೆಡಿಟ್ ಇಟ್ಟಿರುವುದು ಅದಕ್ಕೇ ಒಳ್ಳೆಯದು. ಮೊದಲ ದಿನ ಇವನು ಸ್ಟ್ರಾಟಜಿ ಮೀಟಿಂಗ್ ಎಷ್ಟೊತ್ತಿಗೆ ಎಂದು ಕೇಳುತ್ತಾನೆ; ಕೈಗೆ ಬರುವುದು ಇನ್ನೂರು ಕಿರಾಣಿ ಅಂಗಡಿಗಳ ಫೋನ್ ನಂಬರಿರುವ ಎಕ್ಸೆಲ್ ಶೀಟು. ಮೊದಲನೆಯವರು ‘ಈಗ ವ್ಯಾಪಾರದ ಹೊತ್ತು, ಆಮೇಲೆ ಮಾಡಿ’ ಎನ್ನುತ್ತಾರೆ. ಎಂಟನೆಯವರು ‘ಲೋನಾ? ಬೇಡ’ ಎಂದು ಇಡುತ್ತಾರೆ. ಹದಿನಾರನೆಯವರು ಬಾ ಎನ್ನುತ್ತಾರೆ. ಅಂಗಡಿಯ ಮುಂದೆ ನಿಂತು ಆಪ್ ತೋರಿಸಿದರೆ, ಬೆಲ್ಲ ತೂಗುತ್ತಲೇ ಒಂದು ಪ್ರಶ್ನೆ: ‘ಇದ್ರಲ್ಲಿ ಉದ್ರಿ ಬರೆಯೋಕೆ ಬರುತ್ತಾ?’ ಆಪ್‌ನಲ್ಲಿ ಗ್ರಾಫ್ ಇದೆ, ಡಾರ್ಕ್ ಮೋಡ್ ಇದೆ, ಉದ್ರಿ ಇಲ್ಲ. ‘ಹಂಗಾದ್ರೆ ನಮ್ಮ ಪುಸ್ತಕಾನೇ ಸಾಕು ಬಿಡು ತಮ್ಮಾ.’ ಗ್ರಾಹಕನ ಅಗತ್ಯವೆಂಬ ಅಧ್ಯಾಯವನ್ನು ಇವನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದ. ಅದು ಬೆಲ್ಲದ ತಕ್ಕಡಿಯ ಪಕ್ಕದಲ್ಲಿ ಕೂತಿರುತ್ತದೆ ಎಂಬುದು ಇಂದು ಗೊತ್ತಾಯಿತು. ಮುಂದಿನ ವಾರಗಳಲ್ಲಿ ಜಿಎಸ್‌ಟಿ ಬಿಲ್ಲಿನ ತಪ್ಪು, ವಾಪಸು ಬಂದ ಮಾಲು, ‘ಸೋಮವಾರ ಹಾಕ್ತೀನಿ’ ಎಂದವರ ಎಂದೂ ಬಾರದ ಸೋಮವಾರ.

ಹೀಗೆ ಬಿಸಿ ಮುಟ್ಟಿಸಿದರೆ ಹುಡುಗನ ಉತ್ಸಾಹವೇ ಇಳಿಯುವುದಿಲ್ಲವೇ ಎಂದು ಕೇಳಬಹುದು. ಇಳಿಯುತ್ತದೆ. ನೆದರ್‌ಲ್ಯಾಂಡ್ಸ್‌ನ ಒಂದು ವೃತ್ತಿಪರ ಕಾಲೇಜಿನ ಎರಡು ಊರುಗಳ ಶಾಖೆಗಳಲ್ಲಿ, ವಿದ್ಯಾರ್ಥಿಗಳೇ ಪುಟ್ಟ ಕಂಪನಿ ನಡೆಸುವ ಕೋರ್ಸು ಒಂದರಲ್ಲಿತ್ತು, ಇನ್ನೊಂದರಲ್ಲಿರಲಿಲ್ಲ. ಎರಡನ್ನೂ ಹೋಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು: ಕೋರ್ಸಿನಿಂದ ಕೌಶಲ ಹೆಚ್ಚಿದ್ದು ಕಾಣಲಿಲ್ಲ, ಉದ್ಯಮಿಯಾಗುವ ಇಚ್ಛೆ ಮಾತ್ರ ಕಡಿಮೆಯಾಗಿತ್ತು. ಇದನ್ನು ಸೋಲೆಂದು ಓದುವವರಿದ್ದಾರೆ. ಆದರೆ ಅಪ್ಪನ ಜಮೀನು ಅಡವಿಟ್ಟ ಮೇಲೆ ಬರಬೇಕಾದ ವಿವೇಕ ಆರನೇ ಸೆಮಿಸ್ಟರಿನಲ್ಲೇ, ಬಸ್ ಪಾಸಿನ ಖರ್ಚಿನಲ್ಲಿ ಬಂದರೆ ಅದಕ್ಕಿಂತ ಅಗ್ಗದ ಪಾಠ ಯಾವುದಿದೆ? ಈಜು ಕಲಿಯಲು ಬಂದವರಲ್ಲಿ ಕೆಲವರು ನೀರಿನ ಆಳ ನೋಡಿ ದಡಕ್ಕೆ ಮರಳಿದರೆ, ಕೆರೆಗೂ ಒಳಿತು, ಅವರಿಗೂ ಒಳಿತು.

ಇಲ್ಲಿ ಸಿಇಓ ಎದ್ದು ನಿಂತು ಬಿಲ್ ಗೇಟ್ಸ್ ಹೆಸರು ಹೇಳುತ್ತಾನೆ. ಹಾರ್ವರ್ಡ್ ಬಿಟ್ಟ ಕಥೆ ಇವನಿಗೆ ಬಾಯಿಪಾಠ. ಅದಕ್ಕೂ ಮೊದಲೇ ಗೇಟ್ಸ್, ಪಾಲ್ ಅಲೆನ್ ಜತೆ ಸೇರಿ ರಸ್ತೆಯಲ್ಲಿ ಓಡುವ ವಾಹನಗಳನ್ನು ಎಣಿಸುವ ಸಣ್ಣ ವ್ಯವಹಾರದಲ್ಲಿ ಕೈ ಕೆಸರು ಮಾಡಿಕೊಂಡಿದ್ದ ಕಥೆ ಪೋಸ್ಟರಿನಲ್ಲಿ ಹಿಡಿಸುವುದಿಲ್ಲ. ಅಷ್ಟು ದೂರವೇಕೆ, ನಮ್ಮ ನಾರಾಯಣಮೂರ್ತಿಯವರ ಮೊದಲ ಕಂಪನಿ ಸಾಫ್ಟ್ರಾನಿಕ್ಸ್ ನಿಲ್ಲಲಿಲ್ಲ. ಅವರು ಪಟ್ನಿ ಕಂಪನಿಯಲ್ಲಿ ನೌಕರಿ ಮಾಡಿ, 1981ರಲ್ಲಿ ಇನ್ಫೋಸಿಸ್ ಕಟ್ಟಿದಾಗ ವಯಸ್ಸು 34. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಕಂಪನಿಗಳ ಸ್ಥಾಪಕರ ಸರಾಸರಿ ವಯಸ್ಸು, ಕಂಪನಿ ಶುರುಮಾಡುವಾಗ, 45 ಎಂದು 2018ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಆ ಲೆಕ್ಕದಲ್ಲಿ ನಮ್ಮ ಸಿಇಓಗೆ ಇನ್ನೂ ಇಪ್ಪತ್ತೈದು ವರ್ಷ ಟೈಮಿದೆ. ಬ್ಯಾಕ್ ಪೇಪರ್ ಕಟ್ಟಲು ಧಾರಾಳ ಸಾಕು.

ಇಂಟರ್ನ್‌ಶಿಪ್ ಎಂದರೆ ಬಿಟ್ಟಿ ಚಾಕರಿ ಎಂಬ ಆಕ್ಷೇಪ ಮಾತ್ರ ನಗೆಯಾಡುವಂಥದಲ್ಲ. ಸಂಬಳವಿಲ್ಲದೆ ದುಡಿಸುವವರಿದ್ದಾರೆ, ವಿದ್ಯಾರ್ಥಿಯಿಂದಲೇ ದುಡ್ಡು ಕಿತ್ತು, ಕೆಲಸವನ್ನೂ ಕೊಡದೆ ಸರ್ಟಿಫಿಕೇಟು ಮಾರುವವರೂ ಇದ್ದಾರೆ. ಅದಕ್ಕೆ ಮದ್ದು ಕಾಲೇಜಿನ ಕೈಯಲ್ಲೇ ಇದೆ: ವೈವಾದಲ್ಲಿ ಪಿಪಿಟಿ ಬದಿಗಿಟ್ಟು, ‘ಯಾವ ಗ್ರಾಹಕ ಬೇಡ ಎಂದ, ಯಾಕೆ ಎಂದ’ ಎಂದು ಕೇಳಿದರೆ ಸುಳ್ಳು ಸರ್ಟಿಫಿಕೇಟು ಎರಡು ನಿಮಿಷ ನಿಲ್ಲದು. ಇಷ್ಟೆಲ್ಲ ಯಾಕೆ, ಶೆಟ್ಟರ ಮಗ ಕಾಲೇಜಿಲ್ಲದೆಯೇ ಕಲಿಯಲಿಲ್ಲವೇ ಎನ್ನುವವರಿಗೂ ಉತ್ತರವಿದೆ. ಅವನಿಗೆ ಅಪ್ಪನ ಗಲ್ಲಾಪೆಟ್ಟಿಗೆಯೇ ಪಾಠಶಾಲೆ. ಕ್ಲರ್ಕಿನ ಮಗಳಿಗೆ, ಮೇಷ್ಟರ ಮಗನಿಗೆ ಅಂಥದ್ದೊಂದು ಗಲ್ಲಾಪೆಟ್ಟಿಗೆಯನ್ನು ಒಂದು ಸೆಮಿಸ್ಟರಿನ ಮಟ್ಟಿಗೆ ಕೊಡಿಸಬಲ್ಲದ್ದು ವಿಶ್ವವಿದ್ಯಾಲಯ ಮಾತ್ರ. ಕಲಿತಿದ್ದಾನೋ ಇಲ್ಲವೋ ಎಂದು ತಿಳಿಯಲು ಅಂಕಪಟ್ಟಿಯೂ ಬೇಡ. ಊರೂರು ತಿರುಗಿ ಬಾಕಿ ವಸೂಲಿ ಮಾಡಿ ಬಂದವನು ಕ್ಯಾಂಟೀನಿನಲ್ಲಿ ಟೀ ಹೇಳುವ ಮೊದಲು ‘ಅಣ್ಣಾ, ನನ್ನ ಹೆಸರಲ್ಲಿ ಎಷ್ಟಿದೆ?’ ಎಂದು ಕೇಳಿದರೆ, ಹತ್ತೂ ಕ್ರೆಡಿಟ್ ಅವನಿಗೆ ಸಲ್ಲಬೇಕು.