ಬಾರದ ಟ್ಯಾಬ್‌ಗೆ ಕವರ್ ಹೊಲಿಸುವ ವಿಧಾನ

ಮೊದಲು ಕವರ್ ಹೊಲಿಸಿ. ಟ್ಯಾಬ್ ಆಮೇಲೆ ನೋಡಿಕೊಂಡರಾಯಿತು.

ದಾಂಡೇಲಿಯ ಯಾವ ಟೇಲರ್ ಆದರೂ ನಡೆಯುತ್ತದೆ. ಒಂದು ಕಟ್‌ಪೀಸ್ ಕೊಟ್ಟು, ‘ಏಳು ಇಂಚಿಂದು’ ಅನ್ನಿ. ಉದ್ದ ಏಳೋ ಅಗಲ ಏಳೋ ಎಂದು ಅವನು ಕೇಳುತ್ತಾನೆ. ಉತ್ತರಿಸಬೇಡಿ. ಟ್ಯಾಬ್‌ನ ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆಂಬುದು ನಿಮಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. 2011ರಲ್ಲಿ ನಾನು ಹೊಲಿಸಿದ್ದು ಮರೂನ್ ಮಖಮಲ್ಲಿನದು. ಒಳಗೆ ಹಳೇ ಬನಿಯನ್ನಿನ ಅಸ್ತರು, ಬಾಯಿಗೆ ಒಂದು ಟಿಚ್ ಬಟನ್. ಕವರ್ ಕೈಗೆ ಬಂದ ದಿನದಿಂದ ನೀವು ಟ್ಯಾಬ್‌ಗೆ ಕಾಯುತ್ತಿರುವವರು. ಅದರ ಹಿಂದಿನ ದಿನದವರೆಗೆ ಬರೀ ಟ್ಯಾಬ್ ಇಲ್ಲದವರು. ಊರಲ್ಲಿ ಈ ಎರಡಕ್ಕೂ ಸಿಗುವ ಮರ್ಯಾದೆ ಬೇರೆ ಬೇರೆ.

ಕಾಯಲು ಬರುತ್ತದೋ ಇಲ್ಲವೋ ಎಂಬ ಅಂಜಿಕೆ ಬೇಡ. ನೀವು ಉತ್ತರ ಕನ್ನಡ ಜಿಲ್ಲೆಯವರು. ಹುಬ್ಬಳ್ಳಿ–ಅಂಕೋಲಾ ರೈಲಿಗೆ ತೊಂಬತ್ತರ ದಶಕದಿಂದ ಕಾಯುತ್ತಿರುವ ಜನಕ್ಕೆ ಒಂದು ಟ್ಯಾಬ್ ಯಾವ ಲೆಕ್ಕ?

ಈಗ ಬೆಲೆ. ಬೆಲೆಯನ್ನು ಯಾವಾಗಲೂ ಇಳಿಸಿ ಹೇಳಿ. ಅಮೆರಿಕದವರು ಇಲ್ಲೇ ಎಡವಿದ್ದು. ಆ್ಯಪಲ್ ಕಂಪನಿ ಟ್ಯಾಬ್ ತರುತ್ತದಂತೆ, ಹೆಸರು ಐಸ್ಲೇಟ್ ಅಂತೆ, ಸಾವಿರ ಡಾಲರಂತೆ ಎಂದು ತಿಂಗಳುಗಟ್ಟಲೆ ಸುದ್ದಿ ಹಬ್ಬಿಸಿದರು. 2010ರ ಜನವರಿ 27ರಂದು ಸ್ಟೀವ್ ಜಾಬ್ಸ್ ಪರದೆಯ ಮೇಲೆ 999 ಎಂದು ತೋರಿಸಿ, ಅದನ್ನು ಒಡೆದು ಬೀಳಿಸಿ, 499 ಅಂದರು. ಹೆಸರು ಐಪ್ಯಾಡ್ ಎಂದಾಯಿತು. ಪರಿಣಾಮ ಏನಾಯಿತು ನೋಡಿ: ವಸ್ತು ಬಂದಾಗ ಜನರಿಗೆ ಖುಷಿಯಾಗಿಬಿಟ್ಟಿತು! ಗಾಳಿಸುದ್ದಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ನಮ್ಮವರು ಹಾಗೆ ಎಡವಿದವರಲ್ಲ. 2009ರ ಫೆಬ್ರುವರಿಯಲ್ಲಿ ಹತ್ತು ಡಾಲರಿನ, ಅಂದರೆ ಐನೂರು ರೂಪಾಯಿಯ ಲ್ಯಾಪ್‌ಟಾಪ್ ಬಂತೆಂದು ದೇಶವೆಲ್ಲ ತಿರುಪತಿಯ ಕಡೆ ನೋಡಿತು. ಅಲ್ಲಿ ತೋರಿಸಿದ್ದು ಮಾಹಿತಿ ತುಂಬಿಡುವ ಒಂದು ಡಬ್ಬಿ. ಮರುವರ್ಷ ಜುಲೈನಲ್ಲಿ ಸಚಿವ ಕಪಿಲ್ ಸಿಬಲ್ ಒಂದು ಟ್ಯಾಬ್ ಎತ್ತಿ ಹಿಡಿದು ಮೂವತ್ತೈದು ಡಾಲರ್, ಸುಮಾರು 1,500 ರೂಪಾಯಿ ಅಂದರು. 2011ರ ಅಕ್ಟೋಬರ್ 5ರಂದು ‘ಆಕಾಶ್’ ಎಂಬ ಹೆಸರಿಟ್ಟು ಬಿಡುಗಡೆ ಮಾಡುವ ಹೊತ್ತಿಗೆ ಸರ್ಕಾರ ಕಂಪನಿಗೆ ಕೊಡುವ ದರ ಸುಮಾರು 2,250 ರೂಪಾಯಿ ಆಗಿತ್ತು. ನೀವು ಇವುಗಳಲ್ಲಿ ಅತಿ ಸಣ್ಣ ಅಂಕಿ ಹಿಡಿದು, ಅದರಲ್ಲಿ ಅರ್ಧ ಸಬ್ಸಿಡಿ ಕಳೆದು, ‘ಬಿಪಿಎಲ್ ಕಾರ್ಡಿದ್ದವರಿಗೆ ಪುಕ್ಕಟೆ’ ಎಂದು ಸೇರಿಸಿ. ಯಾರೂ ವಾದಿಸುವುದಿಲ್ಲ. ಪುಕ್ಕಟೆ ಎಂಬ ಮಾತಿಗೆ ಎದುರು ಮಾತಾಡಿದವರನ್ನು ನಾನಂತೂ ಹಳಿಯಾಳದ ಸಂತೆಯಲ್ಲಿ ಕಂಡಿಲ್ಲ.

ಟ್ಯಾಬ್‌ನ ಗುಣಗಳನ್ನು ಹೇಳುವಾಗ ಒಂದೇ ಯಂತ್ರಕ್ಕೆ ಅಂಟಿಕೊಳ್ಳಬೇಡಿ. ಬೆಂಗಳೂರಿನ ನೋಶನ್ ಇಂಕ್ ಕಂಪನಿ 2010ರಲ್ಲಿ ತೋರಿಸಿದ ‘ಆಡಂ’ ಟ್ಯಾಬ್‌ನಿಂದ ಬಿಸಿಲಲ್ಲೂ ಓದಬಹುದಾದ ಪರದೆಯನ್ನು ತೆಗೆದುಕೊಳ್ಳಿ. ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಹೇಳಲು ಅದು ಹೇಳಿ ಮಾಡಿಸಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯವರು ಕೈಹಾಕಿದ್ದ, 2004ರಲ್ಲಿ ಬಿಇಎಲ್ ಮಾರುಕಟ್ಟೆಗೆ ತಂದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನಿಂದ ಕನ್ನಡದಲ್ಲಿ ಓದಿ ಹೇಳುವ ಗುಣ ಎರವಲು ತನ್ನಿ. ಆಕಾರ ಐಪ್ಯಾಡ್‌ನದ್ದಿರಲಿ, ಬೆಲೆ ತಿರುಪತಿಯ ಡಬ್ಬಿಯದ್ದು. ಕರೆಂಟ್ ಹೋದರೆ ಸೋಲಾರಿನಲ್ಲಿ ನಡೆಯುತ್ತದೆ ಎಂಬುದನ್ನು ಕೊನೆಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಹೇಗೆ ಎಂದು ಜೋಯಿಡಾದವರೊಬ್ಬರು ಕೇಳಿಯೇ ಕೇಳುತ್ತಾರೆ. ಚಹಾ ತರಿಸಿ.

ಮೂಲ ಯಾವುದು ಎಂದು ಕೇಳಿದರೆ ತಡವರಿಸಬೇಡಿ. ಬೆಂಗಳೂರಿನಲ್ಲಿ ಭಾವಮೈದುನ ಇಲ್ಲದ ಮನೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ. ಅವನು ‘ಅದೇ ಲೈನಿನಲ್ಲಿ’ ಇದ್ದಾನೆ ಅನ್ನಿ. ಮುಂಡಗೋಡದ ಕಡೆ ಇನ್ನೊಂದು ಅನುಕೂಲ: ಟಿಬೆಟನ್ ಕ್ಯಾಂಪಿನ ಹಲವರಿಗೆ ಹೊರದೇಶದಲ್ಲಿ ನೆಂಟರಿದ್ದಾರೆ. ‘ಕ್ಯಾಂಪಿನಲ್ಲಿ ಆಗಲೇ ಒಂದು ಬಂದೈತಂತ’ ಎಂದರೆ ಸಾಕು. ಮುಂಡಗೋಡದಲ್ಲೇ ಕೂತು ಮಾತ್ರ ಹೀಗೆ ಹೇಳಬೇಡಿ. ಯಾರಾದರೂ ಬೈಕ್ ಹತ್ತಿ ಹೋಗಿ ನೋಡಿ ಬಂದುಬಿಡುತ್ತಾರೆ. ಅಲ್ಲಿಯದನ್ನು ಹಳಿಯಾಳದಲ್ಲಿ ಹೇಳಿ, ಹಳಿಯಾಳದ್ದನ್ನು ದಾಂಡೇಲಿಯಲ್ಲಿ ಹೇಳಿ.

ಜೋಯಿಡಾದಲ್ಲಿ ಮಾತ್ರ ಏನನ್ನಾದರೂ ಹೇಳಬಹುದು. ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡದ ಮೇಲಿನ ಒಂದು ನಿರ್ದಿಷ್ಟ ಬಂಡೆಗೆ ಹೋಗಿ, ನಿರ್ದಿಷ್ಟ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಸುದ್ದಿಯನ್ನು ಪರೀಕ್ಷಿಸಲು ಯಾರೂ ಅಷ್ಟು ದೂರ ಹತ್ತುವುದಿಲ್ಲ. ಸೂಪಾ ಊರೇ ಅಣೆಕಟ್ಟಿನ ನೀರಿಗೆ ಹೋದ ಮೇಲೂ ತಾಲ್ಲೂಕನ್ನು ಸೂಪಾ ಎಂದೇ ಕರೆಯುವ ಹಿರಿಯರು ಅಲ್ಲಿದ್ದಾರೆ. ಇಲ್ಲದ್ದನ್ನು ಇದೆ ಎಂದು ಮಾತಾಡುವುದು ಅವರಿಗೆ ಹೊಸದಲ್ಲ.

ದಾಂಡೇಲಿಗೆ ಬಂದಾಗ ಸ್ವಲ್ಪ ಹುಷಾರು. ಇದು ಕಾಗದದ ಊರು. ಐವತ್ತರ ದಶಕದಿಂದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಪಾಳಿಯ ಮೇಲೆ ಎಷ್ಟೋ ಮನೆಗಳ ಊಟದ ಹೊತ್ತು ನಿಂತಿದೆ. ಇಲ್ಲಿ ‘ಟ್ಯಾಬ್ ಬಂದರೆ ಪುಸ್ತಕವೇ ಇರಲ್ಲ’ ಎಂದು ಬಾಯಿ ತಪ್ಪಿ ಅಂದರೆ ಬಂಗೂರನಗರದ ಕಟ್ಟೆಯ ಮೇಲೆ ನಿಮಗೆ ಜಾಗ ಇರುವುದಿಲ್ಲ. ಅದರ ಬದಲು, ಟ್ಯಾಬ್ ಪ್ಯಾಕ್ ಮಾಡುವ ರಟ್ಟಿನ ಆರ್ಡರೆಲ್ಲ ನಮ್ಮ ಮಿಲ್ಲಿಗೇ ಬರುತ್ತದಂತೆ ಎಂದು ಹಬ್ಬಿಸಿ. ಅದೇ ಕಟ್ಟೆಯಲ್ಲಿ ನಿಮಗೆ ಎರಡನೇ ಚಹಾ ಬರುತ್ತದೆ.

ಈಗ ಬುಕಿಂಗ್. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಗೆರೆ ಎಳೆಯಿರಿ: ಹೆಸರು, ಊರು, ಮಕ್ಕಳೆಷ್ಟು, ಬಣ್ಣ ಯಾವುದು. ದುಡ್ಡು ಮುಟ್ಟಬೇಡಿ, ದುಡ್ಡು ಮುಟ್ಟಿದರೆ ವಂಚನೆ, ಮುಟ್ಟದಿದ್ದರೆ ಸಮಾಜಸೇವೆ. ರೇಷನ್ ಕಾರ್ಡಿನ ಜೆರಾಕ್ಸ್ ಮತ್ತು ಎರಡು ಫೋಟೋ ಮಾತ್ರ ಇಸಿದುಕೊಳ್ಳಿ. ಜೆರಾಕ್ಸ್ ಇಲ್ಲದ ಯೋಜನೆಯನ್ನು ನಮ್ಮ ಜನ ನಂಬುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ನಲವತ್ತಾರು ಹೆಸರಿದ್ದವು. ಬಣ್ಣದ ಕಾಲಮ್ಮಿನಲ್ಲಿ ಮೂವತ್ತೊಂದು ಜನ ಕೆಂಪು ಬರೆಸಿದ್ದರು, ಒಬ್ಬ ಅಜ್ಜಿ ‘ನೋಡಿ ಹೇಳ್ತೇನಿ’ ಎಂದು ಬರೆಸಿದ್ದರು. ಅಪಾಯದ ಗಿರಾಕಿ ಅವರೊಬ್ಬರೇ.

ಬಸ್‌ಸ್ಟ್ಯಾಂಡಿನಲ್ಲಿ ‘ಏನ್ರೀ ಸರ, ಬಂತೇನ್ರೀ?’ ಎಂದು ಕೇಳಿದರೆ ‘ಹುಬ್ಬಳ್ಳಿತನಕ ಬಂದೈತಿ’ ಅನ್ನಿ. ನಮ್ಮ ಕಡೆ ಎಲ್ಲವೂ ಹುಬ್ಬಳ್ಳಿಯವರೆಗೆ ಬಂದೇ ಬಂದಿರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ದಿನ ಟ್ಯಾಬ್ ನಿಜವಾಗಿಯೂ ಬಂದುಬಿಡಬಹುದು. ಗಾಬರಿಯಾಗಬೇಡಿ. ಆಕಾಶ್ ಬಂದಾಗ ಅದರೊಳಗಿದ್ದದ್ದು 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಮುಟ್ಟಿದರೆ ಸಾಲದೆ ಒತ್ತಬೇಕಾದ ಪರದೆ. ಆ ಕಾಲದಲ್ಲಿ ಯಾರೋ ತಂದಿದ್ದ ಅಗ್ಗದ ಟ್ಯಾಬ್ ಒಂದನ್ನು ನಾನೂ ಕೈಯಲ್ಲಿ ಹಿಡಿದಿದ್ದೆ. ಬೆರಳ ತುದಿಗೆ ಅದು ಅಲುಗಲಿಲ್ಲ. ಹೆಬ್ಬೆರಳಿನ ಉಗುರನ್ನು ಊರಿ, ಹೇನು ಕುಕ್ಕುವ ಹಾಗೆ ಒತ್ತಿದ ಮೇಲೆ ಒಂದು ಚೌಕ ನೀಲಿಯಾಯಿತು. ಸುತ್ತ ನಿಂತ ಎಂಟು ಜನ ಉಸಿರು ಹಿಡಿದು ನೋಡಿದರು. ಮುಂದಿನ ಪುಟ ತೆರೆಯುವಷ್ಟರಲ್ಲಿ ಇಬ್ಬರು ಅಳ್ನಾವರದ ಬಸ್ಸು ಹಿಡಿದು ಹೋದರು.

ಇಂಥ ಹೊತ್ತಿಗೆ ಹೇಳಬೇಕಾದ ಮಾತು ಒಂದೇ: ‘ಇದು ಹಳೇದ್ರೀ, ಖರೇದ್ದು ಇನ್ನ ಬರೋದೈತಿ.’ 2012ರ ನವೆಂಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಆಕಾಶ್–2 ಬಿಡುಗಡೆ ಮಾಡಿದಾಗ ನನ್ನ ಮಾತು ಸರಿಯಾಯಿತು. ಸರಿಯಾದ ಮರುದಿನದಿಂದಲೇ ನಾನು ಮೂರನೆಯದರ ಬಗ್ಗೆ ಹೇಳಲು ಶುರುಮಾಡಿದೆ.

ಮನೆಯಲ್ಲಿ ಮಗಳು, ‘ಅಪ್ಪಾ, ಅಲ್ಲೀತನಕ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಆದ್ರೂ ತರೋಣಲ್ಲ?’ ಅಂದರೆ ಬಗ್ಗಬೇಡಿ. ಇನ್ನೊಂದು ತಿಂಗಳು ತಡಿ ಅನ್ನಿ. ನನ್ನ ಮಗಳು ತಡೆದಳು. ಪಿಯುಸಿ ಮುಗಿಯುವವರೆಗೆ ತಡೆದಳು, ಡಿಗ್ರಿ ಮುಗಿಯುವವರೆಗೆ ತಡೆದಳು. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ ಹಂಚಿದಾಗ ಅವಳು ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಿದ್ದಳು. ಪೇಪರಿನಲ್ಲಿ ಬಂದ ಆ ಫೋಟೋವನ್ನು ನನಗೆ ಕಳಿಸಿದಳು, ಕೆಳಗೆ ಏನೂ ಬರೆಯದೆ. ಇಂಥವಕ್ಕೆ ಹೆಬ್ಬೆರಳು ಎತ್ತಿದ ಚಿತ್ರವೊಂದನ್ನು ಕಳಿಸಿ ಸುಮ್ಮನಿರಿ.

ಕವರನ್ನು ಬಿಸಾಡಬೇಡಿ. ನನ್ನದರಲ್ಲಿ ಈಗ ಕರೆಂಟ್ ಬಿಲ್ಲು, ಗ್ಯಾಸ್ ಪುಸ್ತಕ, ನಲವತ್ತಾರು ಜನರ ಜೆರಾಕ್ಸು ಇವೆ. ಟಿಚ್ ಬಟನ್ ಹೋಗಿದೆ, ಮಖಮಲ್ ಒಂದು ಮೂಲೆಯಲ್ಲಿ ಸವೆದಿದೆ. ಮೊನ್ನೆ ಸಿಕ್ಕ ಖಚಿತ ಸುದ್ದಿಯ ಪ್ರಕಾರ ಮುಂದಿನ ಟ್ಯಾಬ್ ಮಡಚುವಂಥದ್ದಂತೆ. ಹೊಲಿಗೆ ಬಿಚ್ಚಿಸಿ, ಈ ಸಲ ನಡುವೆ ಒಂದು ಮಡಿಕೆ ಬಿಟ್ಟು ಹೊಲಿಯಲು ಹೇಳಿ. ಮಡಚಿದರೆ ಏಳೋ, ಬಿಚ್ಚಿದರೆ ಏಳೋ ಎಂದು ಟೇಲರ್ ಕೇಳುತ್ತಾನೆ. ಎರಡೂ ಕಡೆ ಅರ್ಧ ಇಂಚು ಬಟ್ಟೆ ಒಳಗೆ ಬಿಟ್ಟಿರಲಿ ಅನ್ನಿ.