ಗದ್ದೆಯೊಳಗಿನ ಬಾಣ

ಕತ್ತಲಗೆರೆಯ ಕಡೆ ಭತ್ತದ ನಾಟಿ ಮುಗಿದು ಮೇಲುಗೊಬ್ಬರದ ಹೊತ್ತಾಯಿತೆಂದರೆ ಮಾತೆಲ್ಲ ಯೂರಿಯಾದ್ದೇ. ಸೊಸೈಟಿಗೆ ಲೋಡು ಬಂತಾ, ತಲೆಗೆ ಎಷ್ಟು ಮೂಟೆ, ಜೊತೆಗೆ ಇನ್ನೇನು ಕಟ್ಟುತ್ತಾರೆ. ಭದ್ರಾ ನಾಲೆಯ ನೀರಿಗೂ ಇಷ್ಟು ಚರ್ಚೆಯಿಲ್ಲ. 45 ಕೆ.ಜಿ.ಯ ಮೂಟೆ ಬಿಚ್ಚಿ ಎರಚುವವರಿಗೆ, ನೀವೀಗ ಲೆಕ್ಕವಿಲ್ಲದಷ್ಟು ಡೇಟಿವ್ ಬಂಧಗಳಿಗೆ ಏರ್ಪಾಡು ಮಾಡುತ್ತಿದ್ದೀರಿ ಎಂದು ಯಾರೂ ಹೇಳಿದಂತಿಲ್ಲ. ಹೇಳಿದ್ದರೂ, "ಅದಕ್ಕೇನು ಸಬ್ಸಿಡಿ ಐತಾ?" ಎಂದು ಕೇಳುತ್ತಿದ್ದರು.

ಆಗುವುದಿಷ್ಟೆ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದಾಗ ಅಮೋನಿಯ ಹುಟ್ಟುತ್ತದೆ. ಅದರ ನೈಟ್ರೋಜನ್ ಬಳಿ ಯಾರೊಂದಿಗೂ ಹಂಚಿಕೊಳ್ಳದ ಒಂದು ಜೋಡಿ ಎಲೆಕ್ಟ್ರಾನ್ ಇದೆ. ಎದುರಾಗುವ ಹೈಡ್ರೋಜನ್ ಅಯಾನ್ ಬರಿಗೈ. ಮಾಮೂಲಿ ಸಹವೇಲೆನ್ಸಿ ಬಂಧಕ್ಕೆ ಇಬ್ಬರೂ ಒಂದೊಂದು ಎಲೆಕ್ಟ್ರಾನ್ ಹಾಕಬೇಕು. ಇಲ್ಲಿ ಎರಡೂ ನೈಟ್ರೋಜನ್ನಿನದೇ; ಡೇಟಿವ್ ಬಂಧವೆಂದರೆ ಇದೇ. ಹೀಗೆ ಹುಟ್ಟಿದ ಅಮೋನಿಯಂ ಜೇಡಿಕಣಗಳಿಗೆ ಅಂಟಿ ಕೂತಿದ್ದು, ಭತ್ತದ ಬೇರು ಕರೆದಾಗ ಹೋಗುತ್ತದೆ. (ಅಮೋನಿಯವಾಗಿಯೇ ಗಾಳಿಗೆ ಹಾರಿಹೋಗುವ ಪಾಲಿನ ಸಂಕಟ ಬೇರೆ.)

ಈ ಬಂಧವನ್ನು ಬರೆಯುವುದು ಹೇಗೆ? 1916ರಲ್ಲಿ ರಸಾಯನ ವಿಜ್ಞಾನಿ ಲೂಯಿಸ್ ಎಲೆಕ್ಟ್ರಾನುಗಳಿಗೆ ಚುಕ್ಕಿ ಇಟ್ಟ. ಮುಂದಿನ ದಶಕದಲ್ಲಿ ಇಂಗ್ಲೆಂಡಿನ ಸಿಜ್ವಿಕ್ ಈ ಬಂಧಕ್ಕೆಂದೇ ಬಾಣ ಬಳಕೆಗೆ ತಂದ: ಬಾಲ ಕೊಟ್ಟವನ ಕಡೆ, ಮೊನೆ ಪಡೆದವನ ಕಡೆ.

ಪಿಯುಸಿ ಓದುವ ತಮ್ಮನ ಮಗ ಪೆನ್ಸಿಲ್ ಎತ್ತಿಕೊಂಡೇ ಕೇಳಿದ: "ದೊಡ್ಡಪ್ಪ, ಅಮೋನಿಯಂನಲ್ಲಿ ನಾಲ್ಕು ಹೈಡ್ರೋಜನ್ ಅದಾವೆ. ಬಾಣ ಯಾವುದಕ್ಕೆ ಹಾಕ್ಲಿ?"

"ಯಾವುದಕ್ಕಾದ್ರೂ ಹಾಕು."

ಹುಡುಗನಿಗೆ ನಂಬಿಕೆ ಬರಲಿಲ್ಲ. ಆದರೆ ನಿಜ ಅದೇ. ಬಂಧ ಆದ ಮೇಲೆ ನಾಲ್ಕರ ಉದ್ದವೂ ಒಂದೇ, ಬಲವೂ ಒಂದೇ. ತಡವಾಗಿ ಬಂದ ಹೈಡ್ರೋಜನ್ ಯಾವುದೆಂದು ಅಮೋನಿಯಂಗೇ ಗೊತ್ತಿಲ್ಲ. ಬಾಣವೆಂಬುದು ಮದುವೆಮನೆಯ ಮುಯ್ಯಿ ಪುಸ್ತಕ. ಯಾರು ಎಷ್ಟು ಹಾಕಿದರೆಂದು ಅದರಲ್ಲಿರುತ್ತದೆ, ಸಂಸಾರ ಹೇಗೆ ನಡೆದಿದೆಯೆಂದು ಇರುವುದಿಲ್ಲ. ನಾನಾದರೆ ನಾಲ್ಕೂ ಕಡೆ ಗೆರೆ ಎಳೆದು, ಒಂದು ಪ್ಲಸ್ ಚಿಹ್ನೆ ಹಾಕಿ ಏಳುತ್ತೇನೆ. ಪರೀಕ್ಷೆ ಬರೆಯುವವನು ಬಾಣ ಹಾಕುವುದೇ ಕ್ಷೇಮ.

ಬಾಣ ದುಡ್ಡಾಗುವುದು ಗೊಬ್ಬರದಂಗಡಿಯಲ್ಲಿ. ಭತ್ತದ ಎಲೆ ತುಕ್ಕುಬಣ್ಣಕ್ಕೆ ತಿರುಗಿದರೆ ಜಿಂಕ್ ಕೊರತೆ ಇರಬಹುದೆನ್ನುತ್ತಾರೆ. ಜಿಂಕ್ ಸಲ್ಫೇಟ್ ಹಾಕಬಹುದು, ಅದರಲ್ಲಿ ಶೇ. 21 ಜಿಂಕ್ ಇದೆ. ಆದರೆ ಕ್ಷಾರದ ಮಣ್ಣಿನಲ್ಲಿ ಬಹಳಷ್ಟು ಕರಗದೆ ಸಿಕ್ಕಿಕೊಳ್ಳುತ್ತದೆ. ಪಕ್ಕದ ಸಣ್ಣ ಪ್ಯಾಕೆಟ್ಟು ಚಿಲೇಟೆಡ್ ಜಿಂಕ್. ಅದರಲ್ಲಿರುವುದು ಬರೀ ಶೇ. 12, ಬೆಲೆ ಮಾತ್ರ ಬಲು ಜೋರು. ಇದರಲ್ಲಿ ಇಡಿಟಿಎ ಎಂಬ ಅಣು ಎರಡು ನೈಟ್ರೋಜನ್, ನಾಲ್ಕು ಆಕ್ಸಿಜನ್‌ಗಳಿಂದ ಜೋಡಿ ಎಲೆಕ್ಟ್ರಾನ್ ಕೊಟ್ಟು ಜಿಂಕನ್ನು ಆರು ಕಡೆಯಿಂದ ತಬ್ಬಿರುತ್ತದೆ; ಮಣ್ಣು ಸುಲಭಕ್ಕೆ ಕಸಿಯಲಾರದು. ಜಿಂಕಿಗಿಂತ ಆ ಆರು ಬಾಣಗಳಿಗೇ ನಾವು ಹೆಚ್ಚು ದುಡ್ಡು ಕೊಡುತ್ತಿರುವುದು.

ಇದನ್ನೂ ಹುಡುಗನಿಗೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಆರೂ ಸರಿಯಾಗಿ ಹಾಕಿದ್ರೆ ಎಷ್ಟು ಮಾರ್ಕ್ಸ್ ಕೊಡ್ತಾರೆ ದೊಡ್ಡಪ್ಪ?" ಅಂದ.