ರುಚಿರಾಯರು ದೋಸೆ ಮುರಿದರು

ದೋಸೆ ಟೇಬಲ್ಲಿಗೆ ಬಂದ ತಕ್ಷಣ ಬೇರೆಯವರು ತುದಿ ಮುರಿದು ಬಾಯಿಗಿಟ್ಟರೆ, ರುಚಿರಾಯರು ಅದರ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಅಡಿ ನೋಡುತ್ತಾರೆ. ಆಮೇಲೆ ಮೂಸುತ್ತಾರೆ. ಆಮೇಲೆ ಚಟ್ನಿ ಬಟ್ಟಲನ್ನು ಓರೆ ಮಾಡಿ ಅದು ಎಷ್ಟು ಬೇಗ ಹರಿಯುತ್ತದೆಂದು ಪರೀಕ್ಷಿಸುತ್ತಾರೆ. ಎದುರು ಕೂತವರದು ಅರ್ಧ ಮುಗಿದಿರುತ್ತದೆ. ಇವರದು ಇನ್ನೂ ಸ್ಥಳ ಮಹಜರಿನ ಹಂತದಲ್ಲಿರುತ್ತದೆ.

ರುಚಿರಾಯರೆಂಬುದು ಒಬ್ಬರ ಹೆಸರಲ್ಲ. ಬಸವನಗುಡಿ, ಮಲ್ಲೇಶ್ವರ, ಜಯನಗರ, ರಾಜಾಜಿನಗರ, ಬೆಂಗಳೂರಿನ ಯಾವ ಬಡಾವಣೆಯ ಹೋಟೆಲಿಗೆ ಹೋದರೂ ಭಾನುವಾರ ಬೆಳಿಗ್ಗೆ ಇವರ ಒಂದು ಪ್ರತಿ ಅಲ್ಲಿ ಕೂತಿರುತ್ತದೆ. ಬ್ಯಾಂಕಿನಿಂದ ನಿವೃತ್ತರಾದವರಿರಬಹುದು, ಸಾಫ್ಟ್‌ವೇರ್ ಕಂಪನಿಗೆ ಈಗಷ್ಟೇ ಸೇರಿದವರಿರಬಹುದು. ಮನೆಯಲ್ಲಿ ಇವರು ಅಭಿಪ್ರಾಯ ಹೇಳುವುದಿಲ್ಲ. ಉಪ್ಪಿಟ್ಟು ಹೇಗಿದ್ದರೂ ತಲೆ ತಗ್ಗಿಸಿ ತಿಂದು ತಟ್ಟೆ ತೊಳೆದಿಡುತ್ತಾರೆ. ವಾರವಿಡೀ ನುಂಗಿಕೊಂಡ ವಿಮರ್ಶೆಯೆಲ್ಲ ಹೊರಬರುವುದು ಹೋಟೆಲಿನಲ್ಲಿ.

ಗೋಡೆಯ ಮೇಲೆ ಆಳೆತ್ತರದ ಬೋರ್ಡಿದ್ದರೂ ರಾಯರ ಮೊದಲ ಪ್ರಶ್ನೆ, “ತಿಂಡಿ ಏನೇನಿದೆಯಪ್ಪಾ?” ಸಪ್ಲೈಯರ್ ಒಂದೇ ಉಸಿರಿನಲ್ಲಿ ಇಡ್ಲಿಯಿಂದ ಚೌಚೌಬಾತಿನವರೆಗೆ ಒಪ್ಪಿಸುತ್ತಾನೆ.

“ಬಿಸಿ ಏನಿದೆ?”

“ಎಲ್ಲಾ ಬಿಸಿ ಸಾರ್.”

ರಾಯರು ಪಕ್ಕದವರ ಕಡೆ ತಿರುಗಿ, “ಎಲ್ಲಾ ಬಿಸಿ ಅಂದ್ರೆ ಯಾವುದೂ ಬಿಸಿ ಇಲ್ಲ ಅಂತ,” ಎಂದು ಭಾಷ್ಯ ಬರೆಯುತ್ತಾರೆ. ನಂತರ ಆರ್ಡರು: “ಒಂದು ಮಸಾಲೆ. ರೋಸ್ಟ್ ಆಗಿರ್ಲಿ, ಆದ್ರೆ ಸೀಯಬಾರ್ದು. ಎಣ್ಣೆ ಕಮ್ಮಿ, ಬೆಣ್ಣೆ ಮೇಲೆ. ಪಲ್ಯ ಒಂದೇ ಕಡೆ ಗುಡ್ಡೆ ಹಾಕೋದು ಬೇಡ. ಕೆಂಪು ಚಟ್ನಿ ಅಂಚಿನ ತನಕ ಸವರ್ಬೇಕು. ಭಟ್ಟರಿಗೆ ನಾನು ಹೇಳ್ದೆ ಅಂತ ಹೇಳು.” ಸಪ್ಲೈಯರ್ ಎಲ್ಲಕ್ಕೂ ತಲೆಯಾಡಿಸಿ, ಅಡುಗೆಮನೆಯ ಕಿಂಡಿಗೆ ಬಾಯಿಟ್ಟು ಕೂಗುವುದು ಎರಡೇ ಮಾತು: “ಒಂದ್ ಮಸಾಲೇ!”

ಹಾಗೆಂದು ರಾಯರನ್ನು ಬರೀ ಬಾಯಿಬಡುಕರೆಂದು ತಳ್ಳಿಹಾಕುವಂತಿಲ್ಲ. ವಿಷಯ ಗೊತ್ತಿದೆ. ಭಟ್ಟರು ಕಾವಲಿಗೆ ನೀರೆರಚಿ ಪೊರಕೆಯಲ್ಲಿ ಗುಡಿಸುವುದು ಚೊಕ್ಕ ಮಾಡಲಿಕ್ಕೆ ಮಾತ್ರವಲ್ಲ, ಅತಿಯಾಗಿ ಕಾದ ಕಾವಲಿಯ ಬಿಸಿ ಇಳಿಸಲಿಕ್ಕೆ ಕೂಡ. ಇಳಿಸದಿದ್ದರೆ ಹಿಟ್ಟು ಹರಡುವ ಮೊದಲೇ ಕಚ್ಚಿಕೊಳ್ಳುತ್ತದೆ ಎಂದು ಅವರು ವಿವರಿಸುತ್ತಾರೆ. ಚಳಿಗಾಲದಲ್ಲಿ ಹಿಟ್ಟು ನಿಧಾನವಾಗಿ ಹುದುಗುತ್ತದೆ, ಆದ್ದರಿಂದ ಡಿಸೆಂಬರಿನ ದೋಸೆಗೆ ಹುಳಿ ಸಾಲದು ಎನ್ನುತ್ತಾರೆ. ಚಟ್ನಿಯಲ್ಲಿ ತೆಂಗಿನಕಾಯಿಯ ಪಾಲನ್ನು ಹುರಿಗಡಲೆ ನುಂಗಿದ್ದರೆ ನಾಲಗೆಯ ತುದಿಯಲ್ಲೇ ಹಿಡಿಯುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ. ಕೆಂಪು ಚಟ್ನಿಯಲ್ಲಿ ಬಣ್ಣ ಕಾಣದೆ ಬರೀ ಖಾರ ಹೊಡೆದರೆ ಬೇರೆ ಊರಿನ ಕಾಯಿ ಬಿದ್ದಿದೆ ಎಂದು ಲೆಕ್ಕ. ಕಾಫಿಯ ಮೊದಲ ಗುಟುಕಿಗೇ “ಚಿಕೋರಿ ಮೂವತ್ತು ಪರ್ಸೆಂಟು” ಎಂದು ಘೋಷಿಸುತ್ತಾರೆ. ಈ ಅಂಕಿಯನ್ನು ಯಾರೂ ಪರೀಕ್ಷಿಸಿಲ್ಲದ ಕಾರಣ ಅದು ಇಂದಿಗೂ ಅಬಾಧಿತ.

ರಾಯರಿಗೊಂದು ಪಕ್ಷವೂ ಉಂಟು. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ದಪ್ಪ, ಗರಿಗರಿ ದೋಸೆಯ ಪಕ್ಷದವರಿಗೂ ಮಲ್ಲೇಶ್ವರದ ಸಿಟಿಆರ್ ಬೆಣ್ಣೆ ಮಸಾಲೆಯ ಪಕ್ಷದವರಿಗೂ ಬೀಗತನ ಬೆಳೆದರೂ ರಾಜಿಯಾಗುವುದಿಲ್ಲ. ಇವರಿಬ್ಬರ ನಡುವೆ ಮೈಸೂರಿನವರೊಬ್ಬರು ಬಾಯಿ ಹಾಕಿ, ದೋಸೆ ಎಂದರೆ ಮೈಲಾರಿಯ ಮೆತ್ತನೆಯದು, ಹಲ್ಲಿಗೆ ಕೆಲಸವೇ ಕೊಡಬಾರದು ಎನ್ನುತ್ತಾರೆ. ದಾವಣಗೆರೆಯವರು ಏನೂ ಹೇಳದೆ ಕನಿಕರದಿಂದ ನಗುತ್ತಾರೆ. ಅವರ ಪ್ರಕಾರ ಬೆಂಗಳೂರಿನವರಿಗೆ ಬೆಣ್ಣೆ ಎಂದರೆ ಏನೆಂದೇ ಗೊತ್ತಿಲ್ಲ. ಸಾಂಬಾರಿನ ವಿಷಯ ಬಂದರೆ ಜಗಳ ಇನ್ನೂ ಹಳೆಯದು. ಉಡುಪಿ ಕಡೆಯ ಅಡುಗೆಯವರು ಬೆಲ್ಲ ಹಾಕುತ್ತಾರೆ, ಬಯಲುಸೀಮೆಯ ರಾಯರು ಮುಖ ಹುಳಿ ಮಾಡುತ್ತಾರೆ: “ಇದೇನು ಸಾಂಬಾರೋ ಪಾಯಸವೋ?” ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಈ ತಂಟೆಯನ್ನೇ ಇಟ್ಟುಕೊಂಡಿಲ್ಲ, ಅಲ್ಲಿ ಇಡ್ಲಿ, ವಡೆಗೆ ಚಟ್ನಿ ಮಾತ್ರ, ಸಾಂಬಾರು ಇಲ್ಲವೇ ಇಲ್ಲ. ಅಲ್ಲಿ ಹೋಗಿಯೂ ಸಾಂಬಾರು ಕೇಳುವ ಹೊಸಬರನ್ನು ರಾಯರು ನೋಡುವ ನೋಟ, ದೇವಸ್ಥಾನಕ್ಕೆ ಚಪ್ಪಲಿ ಹಾಕಿಕೊಂಡು ಬಂದವರನ್ನು ನೋಡುವ ನೋಟವೇ.

ಎಲ್ಲಾ ಪಕ್ಷಗಳೂ ಒಪ್ಪುವ ಒಂದು ನಿರ್ಣಯವಿದೆ. “ಮೊದಲಿನ ಥರ ಇಲ್ಲ.”

ಈ ‘ಮೊದಲು’ ಯಾವಾಗ ಎಂದು ಕೇಳಿದರೆ ರಾಯರು ಮಾತು ಬದಲಿಸುತ್ತಾರೆ. ಬದಲಿಸಲೇಬೇಕು. ಮಾವಳ್ಳಿಯ ಎಂಟಿಆರ್ ಕಥೆಯನ್ನೇ ತೆಗೆದುಕೊಳ್ಳಿ. 1924ರಲ್ಲಿ ಮಯ್ಯ ಸಹೋದರರು ತೆರೆದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಬೇಯಿಸಿದ್ದು ನಾವೇ ಎಂದು ಆ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಆ ದಿನ ಇದ್ದ ರುಚಿರಾಯರು ಖಂಡಿತ ಅಂದಿರುತ್ತಾರೆ, “ರವೆಯಲ್ಲಿ ಇಡ್ಲಿಯೇ? ಕಲಿಗಾಲ!” 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿನ ಹೋಟೆಲುಗಳನ್ನು ನೋಡಿ ಬಂದು ಶುಚಿತ್ವದ ಹೊಸ ಶಿಸ್ತು ತಂದರು. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಯನ್ನು ಸರ್ಕಾರ ಕಟ್ಟಿಹಾಕಿದಾಗ ಆ ಬೆಲೆಗೆ ಆ ಗುಣಮಟ್ಟ ಕೊಡುವುದು ಕಷ್ಟವಾಗಿ, ಪೊಟ್ಟಣದ ಸಿದ್ಧ ಪುಡಿಗಳ ವ್ಯಾಪಾರಕ್ಕೆ ಇಳಿದರು. ಯುದ್ಧಕಾಲದ ಆ ರವೆ ಇಡ್ಲಿಯೇ ಇಂದು ರಾಯರಿಗೆ ‘ಮೊದಲಿನದು’; ಅದರ ಮಿಕ್ಸು ಅವರ ಮನೆಯ ಡಬ್ಬಿಯಲ್ಲೂ ಇದೆ, ಅದನ್ನು ತಿಂದೇ ಬೆಳೆದವರು ರಾಯರು.

1980ರ ದಶಕದಲ್ಲಿ ದರ್ಶಿನಿಗಳು ಬಂದಾಗಲೂ ಇದೇ ಹಾಡು. ಟೋಕನ್ ಮೊದಲು, ತಿಂಡಿ ಆಮೇಲೆ, ಕೂರಲು ಕುರ್ಚಿ ಇಲ್ಲ. “ನಿಂತುಕೊಂಡು ತಿನ್ನೋದು ಏನು ಸಂಸ್ಕೃತಿ?” ಎಂದು ಆಗಿನ ರಾಯರು ಕೇಳಿದರು. ಈಗಿನ ರಾಯರು ಎಸಿ ಹಾಲಿನಲ್ಲಿ ಕೂತು ನಿಟ್ಟುಸಿರಿಡುತ್ತಾರೆ: “ಆ ದರ್ಶಿನೀಲಿ ನಿಂತ್ಕೊಂಡು ತಿಂದ ಮಜಾ ಇಲ್ಲೆಲ್ಲಿ?”

ರಾಯರು ಅಮೆರಿಕಕ್ಕೂ ಹೋಗಿಬಂದಿದ್ದಾರೆ, ಮಗನ ಮನೆಗೆ. ನ್ಯೂಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ದೋಸೆ ತಿಂದಾಗ ಮೊದಲು ಮಾಡಿದ್ದು ಡಾಲರನ್ನು ರೂಪಾಯಿಗೆ ಇಳಿಸುವ ಲೆಕ್ಕ. ಆ ಮೊತ್ತ ನೋಡಿದ ಮೇಲೆ ರುಚಿ ನಾಲಗೆಗೆ ಹತ್ತಲೇ ಇಲ್ಲ. ಬೆಂಗಳೂರಿಗೆ ಮರಳಿ ಒಂದು ವಾರ ಎಲ್ಲ ಹೋಟೆಲನ್ನೂ ಹೊಗಳಿದರು. ಎಂಟನೇ ದಿನ ಚಟ್ನಿ ನೀರಾಯಿತು.

ಮೊಬೈಲು ಬಂದ ಮೇಲೆ ರಾಯರ ತೀರ್ಪಿಗೆ ನಕ್ಷತ್ರಗಳು ಅಂಟಿಕೊಂಡಿವೆ. ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ 1926ರಲ್ಲಿ ತನ್ನ ಕೈಪಿಡಿಯಲ್ಲಿ ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರುಮಾಡಿತು. ಅದರ ಪರೀಕ್ಷಕರು ಗುರುತು ಹೇಳದೆ ಹೋಗಿ, ದುಡ್ಡು ಕೊಟ್ಟು ತಿಂದು, ಸದ್ದಿಲ್ಲದೆ ಎದ್ದುಬರುತ್ತಾರೆ. ನಮ್ಮ ರಾಯರ ಪದ್ಧತಿ ತುಸು ಬೇರೆ. ಕೂರುವ ಮೊದಲೇ, “ರಿವ್ಯೂ ಹಾಕ್ತೀನಿ, ನೋಡ್ಕೊಂಡು ಮಾಡಿ,” ಎಂದು ಸಾರುತ್ತಾರೆ. ತಟ್ಟೆಯನ್ನು ಬೆಳಕಿಗೆ ತಿರುಗಿಸಿ, ಎದುರಿನವರ ಕೈ ಸರಿಸಿ, ಕಾಫಿಯ ನೊರೆ ಇಳಿಯುವ ಮೊದಲು ಐದು ಫೋಟೊ ತೆಗೆಯುತ್ತಾರೆ. ಆ ಹೊತ್ತಿಗೆ ದೋಸೆ ತಣ್ಣಗಾಗಿರುತ್ತದೆ. ವಿಮರ್ಶೆಯ ಮೊದಲ ಸಾಲು: “ದೋಸೆ ಬಿಸಿ ಇರಲಿಲ್ಲ.” ಕೊನೆಯ ಸಾಲು: “ಪಾರ್ಕಿಂಗ್ ಇಲ್ಲ, ಆದ್ದರಿಂದ ಎರಡು ನಕ್ಷತ್ರ.” ರಾಯರು ಬಂದದ್ದು ನಡೆದುಕೊಂಡು.

ಕಾನೂನೂ ಇವರಿಗೆ ಕರಗತ. 2017ರ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳಲ್ಲಿ ಎಸಿ ಇರಲಿ ಬಿಡಲಿ ಜಿಎಸ್‌ಟಿ ಶೇ 5. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿತು. 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ 251 ಕಡೆ ಇಡ್ಲಿ ತಪಾಸಣೆ ಮಾಡಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಬೇಯಿಸುತ್ತಿದ್ದುದು ಸಿಕ್ಕಿಬಿತ್ತು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೂ ಮಿತಿಯಿದೆ: 2018ರ ಜುಲೈ 1ರಿಂದ ಅದರಲ್ಲಿನ ಪೋಲಾರ್ ಸಂಯುಕ್ತಗಳು ಶೇ 25 ದಾಟಬಾರದು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸು ಗಿರಾಕಿಗೆ ಕಾಣುವಂತೆ ತೂಗುಹಾಕಿರಬೇಕು. ಇವೆಲ್ಲ ರಾಯರ ನಾಲಗೆಯ ತುದಿಯಲ್ಲಿವೆ.

ಆದರೆ ಈ ಪಾಂಡಿತ್ಯವನ್ನು ಅವರು ಯಾರ ಮುಂದೆ ಬಿಚ್ಚುತ್ತಾರೆ? ನೀರಿನ ಲೋಟ ಇಡುವ ಹುಡುಗನ ಮುಂದೆ. ಹಿಂದೆ ಈ ಕೆಲಸಕ್ಕೆ ಕುಂದಾಪುರ, ಉಡುಪಿ ಕಡೆಯ ಮಾಣಿಗಳು ಬರುತ್ತಿದ್ದರು. ರಾಯರು ಒಂದು ಅಂದರೆ ಅವರು ನಗುನಗುತ್ತಲೇ ಎರಡು ಅನ್ನುತ್ತಿದ್ದರು. ಈಗ ಬಹಳ ಕಡೆ ಅಸ್ಸಾಂ, ಒಡಿಶಾ, ಬಿಹಾರದ ಹುಡುಗರು. ಬೆಂಗಳೂರಿನಲ್ಲಿ ಅವರು ಕಲಿತ ಮೊದಲ ಕನ್ನಡ ವಾಕ್ಯ “ಇನ್ನೂ ಸ್ವಲ್ಪ ಚಟ್ನಿ ಕೊಡ್ಲಾ ಸಾರ್?” ರಾಯರು ಪೋಲಾರ್ ಸಂಯುಕ್ತಗಳ ಬಗ್ಗೆ ಐದು ನಿಮಿಷ ವ್ಯಾಖ್ಯಾನ ಮಾಡಿದರೆ ಹುಡುಗ ಭಕ್ತಿಯಿಂದ ಕೇಳಿ ಚಟ್ನಿ ತಂದಿಡುತ್ತಾನೆ. ತಿಂಡಿಯ ಬೆಲೆ ಇಟ್ಟವನು ಅವನಲ್ಲ, ಎಣ್ಣೆ ಕೊಂಡವನೂ ಅಲ್ಲ, ಹಿಟ್ಟು ರುಬ್ಬಿದವನೂ ಅಲ್ಲ. ಬೈಗುಳದ ಪಾಲು ಮಾತ್ರ ಪೂರ್ತಿ ಅವನದೇ.

ಇದೆಲ್ಲಕ್ಕೂ ಉತ್ತರ ಹೇಳಬೇಕಾದವರು ಗಲ್ಲಾದಲ್ಲಿ, ಊದಿನಕಡ್ಡಿ ಹೊಗೆಯ ಹಿಂದೆ ಕೂತಿರುತ್ತಾರೆ. ರಾಯರು ಅಲ್ಲಿಗೆ ಬಂದಾಗ ಸ್ವರ ಬದಲಾಗುತ್ತದೆ.

“ಹೇಗಿತ್ತು ರಾಯರೇ ತಿಂಡಿ?”

“ಅಯ್ಯೋ, ಫಸ್ಟ್ ಕ್ಲಾಸ್ ಸ್ವಾಮಿ! ನಿಮ್ಮ ತಂದೆಯವರ ಕಾಲದ ಕೈ ರುಚಿ ಹಾಗೇ ಇದೆ.”

ಗಲ್ಲಾದ ಹಿಂದಿನ ಗೋಡೆಯಲ್ಲೇ ಆ 14 ಅಂಕಿಯ ಲೈಸೆನ್ಸು ತೂಗುತ್ತಿರುತ್ತದೆ, ಅಥವಾ ತೂಗುತ್ತಿರುವುದಿಲ್ಲ. ರಾಯರ ಕಣ್ಣು ಆ ಕಡೆ ಹೋಗುವುದಿಲ್ಲ. ಸೋಂಪಿನ ಬಟ್ಟಲಿಗೆ ಕೈ ಹಾಕಿ, ಒಂದು ಹಿಡಿ ಬಾಯಿಗೆ, ಒಂದು ಹಿಡಿ ಜೇಬಿಗೆ ಹಾಕಿಕೊಂಡು ಹೊರಬರುತ್ತಾರೆ. ಫುಟ್‌ಪಾತಿನಲ್ಲಿ ನಿಂತ ಮೇಲೆ ಜೊತೆಯವರಿಗೆ, “ಹೋಟ್ಲು ಕೆಟ್ಟೋಯ್ತು ಕಣ್ರೀ. ಮುಂದಿನ ಭಾನುವಾರ ಎಷ್ಟೊತ್ತಿಗೆ ಬರೋಣ?”

ರುಚಿರಾಯರ ಜೊತೆ ತಿಂಡಿಗೆ ಹೋಗುವ ಯೋಗ ನಿಮಗೂ ಬಂದೇ ಬರುತ್ತದೆ. ಧಾರಾಳವಾಗಿ ಹೋಗಿ. ಅವರು ಎಣ್ಣೆಯ ಬಗ್ಗೆ ಹೇಳುವುದು ಬಹುಮಟ್ಟಿಗೆ ನಿಜ, ಕೇಳಿಸಿಕೊಳ್ಳಿ; ಆದರೆ ಅದನ್ನು ಗಲ್ಲಾದಲ್ಲಿ ನೀವೇ ಹೇಳಿ, ಚಟ್ನಿ ತಂದ ಹುಡುಗನ ಕೈಗೆ ಹತ್ತೋ ಇಪ್ಪತ್ತೋ ಇಡಿ. ಇನ್ನೊಂದು ಎಚ್ಚರಿಕೆ. ಬಿಲ್ಲು ಬರುವ ಹೊತ್ತಿಗೆ ರಾಯರು ಕೈ ತೊಳೆಯಲು ಏಳುತ್ತಾರೆ, ಮರಳಿ ಬಂದರೆ ಅವರ ಮೊಬೈಲಿಗೆ ನೆಟ್‌ವರ್ಕ್ ಇರುವುದಿಲ್ಲ. ಐದು ಫೋಟೊ ಸಮೇತ ಎರಡು ನಕ್ಷತ್ರ ಅದೇ ಮೊಬೈಲಿನಿಂದ ಹೋದದ್ದನ್ನು ನೀವು ನೋಡಿರುತ್ತೀರಿ. ಆದ್ದರಿಂದ ಮೊದಲು ಟೋಕನ್ ತೆಗೆದುಕೊಳ್ಳಬೇಕಾದ ದರ್ಶಿನಿಗೇ ಕರೆದೊಯ್ಯಿರಿ, ಸಾಲಿನಲ್ಲಿ ಅವರನ್ನೇ ಮುಂದೆ ನಿಲ್ಲಿಸಿ.